ಮೂರು ಸೆಕೆಂಡು ಕಾಯಿ, ಪುಟ್ಟಿ

ಪುಟ್ಟಿ, ಸೋಮವಾರ ನೀನು ಹೈಸ್ಕೂಲಿಗೆ ಶಿಕ್ಷಕಿಯಾಗಿ ಹಾಜರಾಗುತ್ತೀಯ. ನಿನ್ನ ಅತ್ತೆಯದು ಒಂದೇ ಮಾತು: ಪ್ರಶ್ನೆ ಕೇಳಿದ ಮೇಲೆ ಕಾಯಿ.

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನದ ತರಗತಿಗಳ ಮಾತುಕತೆಯನ್ನು ಟೇಪಿನಲ್ಲಿ ಹಿಡಿದು ಕೇಳಿದರು. ಪ್ರಶ್ನೆ ಹಾಕಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. 3 ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು, ದಡ್ಡರೆಂದು ಬದಿಗಿಟ್ಟ ಮಕ್ಕಳೂ ಬಾಯಿ ಬಿಟ್ಟರು. 1974ರಲ್ಲೇ ಇದು ಅಚ್ಚಾಗಿತ್ತು. ನಾನು ಕೆಲಸಕ್ಕೆ ಸೇರಿದ್ದು 1981ರಲ್ಲಿ. ಈ ಸಂಗತಿ ನನ್ನ ಕಿವಿಗೆ ಬಿದ್ದದ್ದು ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ. ಅಷ್ಟರೊಳಗೆ ನನ್ನೆದುರು ಕೂತು ಎದ್ದುಹೋದ ಮಕ್ಕಳನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಂಶೋಧನೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಉಳಿಯುತ್ತದೆ. ನಮ್ಮ ತರಬೇತಿಗಳಿಗೆ ಬರುವ ಹೊತ್ತಿಗೆ ಅದು ಬರೀ ಭಾಷಣವಾಗಿರುತ್ತದೆ. ಶಾಲೆಯಲ್ಲಿ ಸಿಲೆಬಸ್, ಎಸ್ಸೆಸ್ಸೆಲ್ಸಿ ರಿಸಲ್ಟಿನ ಅವಸರ. ಆದರೆ ಲೆಕ್ಕ ಹಾಕಿ ನೋಡು: 40 ನಿಮಿಷದ ಪೀರಿಯಡ್ಡಿನಲ್ಲಿ 20 ಪ್ರಶ್ನೆ ಕೇಳಿದರೂ ನಿನಗೆ ಹೆಚ್ಚಿಗೆ ಖರ್ಚಾಗುವುದು 40 ಸೆಕೆಂಡು.

ಮೊದಮೊದಲು ಆ ಮೌನ ತಡೆಯಲಾಗುವುದಿಲ್ಲ. ನಾನು ಸೆರಗಿನ ಮರೆಯಲ್ಲಿ ಬೆರಳು ಮಡಿಚುತ್ತಿದ್ದೆ.

‘ಬೇಸಿಗೆ ಯಾಕೆ ಬರುತ್ತೆ?’ ಅಂತ ಒಮ್ಮೆ ಕೇಳಿದೆ. ಮುಂದಿನ ಬೆಂಚು ತಟ್ಟನೆ, ‘ಭೂಮಿ ಸೂರ್ಯನ ಹತ್ತಿರ ಹೋಗುತ್ತೆ ಮಿಸ್’ ಅಂದಿತು. ತಪ್ಪೆನ್ನಲಿಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ನೀವೆಲ್ಲ ಸ್ವೆಟರ್ ಹಾಕಿಕೊಂಡು ಬರುವಾಗ, ಅಂದೆ. ಕಾದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದಳು. ‘ಸಂಜೆ ಬಿಸಿಲು ಓರೆ ಬೀಳ್ತದೆ, ಸುಡಲ್ಲ. ನೆತ್ತಿ ಮೇಲಿನದು ಸುಡ್ತದೆ. ಹಂಗೇನಾದ್ರೂ ಇರಬೌದಾ ಮಿಸ್?’

ಎರಡು ವರ್ಷದಲ್ಲಿ ಅವಳು ನನ್ನ ತರಗತಿಯಲ್ಲಿ ಆಡಿದ ಮೊದಲ ಮಾತು ಅದು. ಮರುದಿನವೇ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟೆವು. ನಮ್ಮ ದಾವಣಗೆರೆ ಸೀಮೆಯ ಡಿಸೆಂಬರಿನಲ್ಲಿ ನಡುಹಗಲ ನೆರಳು ಮುಕ್ಕಾಲು ಮೀಟರ್ ಇತ್ತು. ಏಪ್ರಿಲ್ ಮೊದಲ ವಾರ, ರಜೆಗೆ ಮುಂಚೆ, ಒಂದು ಗೇಣೂ ಇರಲಿಲ್ಲ. ಅಳೆದು ಬರೆದಿಟ್ಟವಳು ಅವಳೇ.