ಮಾಸಿಗೆ ಕೈಹಾಕಬೇಡಿ

"ಮೂರು ಸಲ ಸೂಜಿ ಮಾಡಿಸಿದ್ರೂ ಆಕಳ ಗಬ್ಬ ನಿಂದ್ರವಲ್ದು." ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಹೈನು ಕಟ್ಟಿದವರ ದೂರು ಇದು. ವೀರ್ಯವನ್ನು ದೂರುವ ಮೊದಲು ನೆನಪಿಸಿಕೊಳ್ಳಿ: ಹಿಂದಿನ ಸಲ ಈದಾಗ ಮಾಸು ತಾನಾಗಿ ಬಿತ್ತೋ, ಯಾರಾದರೂ ಕೈಹಾಕಿ ಕಿತ್ತರೋ?

ಕರು ಬಿದ್ದ ಮೇಲೆ ಮಾಸನ್ನು ಬಿಡಿಸಲು ನೆರವಾಗುವುದು ತಾಯಿಯ ಬಿಳಿ ರಕ್ತಕಣಗಳು. ಗರ್ಭಕೋಶದ ರೋಗಾಣುಗಳನ್ನು ನುಂಗುವುದೂ ಅವೇ. ಅವು ಸೊರಗಿದಾಗ ಮಾಸು ಉಳಿಯುತ್ತದೆ. ಅಂಥ ಗರ್ಭಕೋಶವನ್ನು ಕೈಯಿಂದ ಕೆರೆದರೆ ಗಾಯವಾಗಿ ಕೀವು ತುಂಬುತ್ತದೆ. ಮುಂದೆ ಗಬ್ಬ ಎಲ್ಲಿ ನಿಲ್ಲಬೇಕು? ಎಷ್ಟು ಸಲ ಹೇಳಿದರೂ ಕೈಹಾಕುವುದು, ಮಾಸಿಗೆ ಕಲ್ಲು ಕಟ್ಟುವುದು ನಿಂತಿಲ್ಲ. ಇನ್ನಾದರೂ ಬಿಡಿ.

12 ಗಂಟೆಯಾದರೂ ಮಾಸು ಬೀಳದಿದ್ದರೆ ದನದ ದವಾಖಾನೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಹತ್ತು ದಿನ ಬೆಳಿಗ್ಗೆ ಜ್ವರ ನೋಡಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮೇವು ಬಿಟ್ಟರೆ, ನಾರುವ ಸ್ರಾವ ಕಂಡರೆ ಅಂದೇ ಚಿಕಿತ್ಸೆ. ವೈದ್ಯರು ಹೇಳಿದಷ್ಟು ದಿನ ಔಷಧ ಪೂರ್ತಿ ಕೊಡಿಸಿ. ಎರಡನೇ ದಿನಕ್ಕೆ ನಿಲ್ಲಿಸಿದರೆ ರೋಗ ಒಳಗೇ ಉಳಿಯುತ್ತದೆ.

ಮುಂದಿನ ಸಲ ಹೀಗಾಗದಿರಲು ಗಬ್ಬದ ಕೊನೆಯ ಎರಡು ತಿಂಗಳು ಎಚ್ಚರವಿರಲಿ. ಒಣ ಜೋಳದ ಕಣಿಕೆಯಲ್ಲಿ ವಿಟಮಿನ್ 'ಎ', 'ಇ' ಉಳಿದಿರುವುದಿಲ್ಲ. ದಿನಕ್ಕೆ 15 ಕಿಲೋ ಹಸಿ ಮೇವು, 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಕೊಡಿ. ಹಸಿ ಮೇವಿಲ್ಲದವರು ವೈದ್ಯರನ್ನು ಕೇಳಿ ವಿಟಮಿನ್ 'ಇ' ದಿನಕ್ಕೆ 1000 ಐಯು ಕೊಡಬಹುದು. ಸೆಲೆನಿಯಂ ಮಾತ್ರ ಅಂದಾಜಿಗೆ ಹಾಕಬೇಡಿ. ಸ್ವಲ್ಪ ಹೆಚ್ಚಾದರೂ ವಿಷ.

ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ಕೀವು ಬೆರೆತಿದ್ದರೆ ಆ ಬೆದೆ ಬಿಡಿ, ಪರೀಕ್ಷೆ ಮಾಡಿಸಿ. ಬೇಕಿದ್ದರೆ ವೈದ್ಯರು ಕ್ಲೋಪ್ರೊಸ್ಟೆನಾಲ್ 500 ಮೈಕ್ರೋಗ್ರಾಂ ಮಾಂಸಖಂಡಕ್ಕೆ ಕೊಟ್ಟು ಬೆದೆಗೆ ತರುತ್ತಾರೆ. ಬೆದೆಯಲ್ಲಿ ಗರ್ಭಕೋಶ ಹೊಲಸನ್ನು ಹೊರಹಾಕಿಕೊಳ್ಳುತ್ತದೆ. ಗಬ್ಬದ ಆಕಳಿಗೆ ಅದೇ ಔಷಧ ಬಿದ್ದರೆ ಕಂದು ಹಾಕುತ್ತದೆ. ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ಈದು 60 ದಿನ ಕಳೆಯದೆ ಗಬ್ಬದ ಸೂಜಿ ಬೇಡ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ.

ಐದು ತಿಂಗಳ ಮೇಲೆ ಕಂದು ಹಾಕಿದರೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಕಂದನ್ನು, ಮಾಸನ್ನು ಬರಿಗೈಲಿ ಮುಟ್ಟಬೇಡಿ, ಈ ರೋಗ ಮನುಷ್ಯರಿಗೂ ಬರುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಿ. ಈ ರೋಗ ತಡೆಯಲು 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಎಸ್-19 ಲಸಿಕೆ, 2 ಮಿಲಿ, ಚರ್ಮದಡಿ, ಜೀವಮಾನಕ್ಕೆ ಒಮ್ಮೆ. ಗಬ್ಬದ ದನಕ್ಕೂ ಹೋರಿಗರುವಿಗೂ ಕೂಡದು.

ಇಂದೇ ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಿ: ಈದ ದಿನ, ಮಾಸು ಬಿದ್ದ ಹೊತ್ತು, ಬೆದೆಗೆ ಬಂದ ದಿನ. ವೈದ್ಯರು ಬಂದಾಗ ಮೊದಲು ಕೇಳುವುದು ಅದನ್ನೇ.