ಸಣ್ಣ ದೇಶ, ದೊಡ್ಡ ಕಡಲು

ಮಕ್ಕಳೇ, ಕಾಸರಗೋಡಿನ ಕಡಲ ತೀರದಲ್ಲಿ ಮೀನುಗಾರರ ದೋಣಿಗಳನ್ನು ನೀವು ನೋಡಿರಬಹುದು. ದೋಣಿಯೊಂದು ಬಿರುಗಾಳಿಗೆ ಸಿಲುಕಿದರೆ ಅದನ್ನು ಹುಡುಕಲು ಯಾರು ಹೋಗುತ್ತಾರೆ? ಹೊರಗಿನವರು ಬಂದು ನಮ್ಮ ಮೀನನ್ನು ಕದ್ದು ಹಿಡಿದರೆ ತಡೆಯುವವರು ಯಾರು? ಇದಕ್ಕಾಗಿ ಕಡಲು ಕಾಯುವ ಹಡಗುಗಳಿವೆ. ಅವೇ ಗಸ್ತು ಹಡಗುಗಳು. ದೊಡ್ಡ ದೇಶಗಳ ಬಳಿ ಇಂತಹ ಹಡಗುಗಳು ಬಹಳ ಇರುತ್ತವೆ. ಹಣ ಕಡಿಮೆಯಿರುವ ಸಣ್ಣ ದೇಶ ಏನು ಮಾಡಬೇಕು? ಹಿಂದೂ ಮಹಾಸಾಗರದ ಮಾರಿಷಸ್ ದೇಶವನ್ನು ನೋಡೋಣ.

ಮಾರಿಷಸ್ಸಿನ ನೆಲ ಸುಮಾರು 2,000 ಚದರ ಕಿಲೋಮೀಟರ್. ಅಂದರೆ ಹೆಚ್ಚು ಕಡಿಮೆ ನಮ್ಮ ಕಾಸರಗೋಡು ಜಿಲ್ಲೆಯಷ್ಟು. ಆದರೆ ಅದು ಕಾಯಬೇಕಾದ ಕಡಲು ಹತ್ತು ಲಕ್ಷ ಚದರ ಕಿಲೋಮೀಟರಿಗಿಂತಲೂ ಹೆಚ್ಚು! ತೀರದಿಂದ ಸುಮಾರು 370 ಕಿ.ಮೀ. ದೂರದವರೆಗಿನ ಕಡಲ ಸಂಪತ್ತು ಆಯಾ ದೇಶಕ್ಕೆ ಸೇರಿದ್ದೆಂದು ಅಂತಾರಾಷ್ಟ್ರೀಯ ನಿಯಮವಿದೆ. ಮಾರಿಷಸ್ಸಿಗೆ ಸೇರಿದ ರಾಡ್ರಿಗಸ್ ದ್ವೀಪ ಸುಮಾರು 600 ಕಿ.ಮೀ. ದೂರದಲ್ಲಿದೆ. ಅಗಲೇಗಾ ದ್ವೀಪಗಳು ಇನ್ನೂ ದೂರ. ಈ ದೇಶಕ್ಕೆ ಪ್ರತ್ಯೇಕ ನೌಕಾಪಡೆಯಿಲ್ಲ. ಪೊಲೀಸ್ ಇಲಾಖೆಯ ಕರಾವಳಿ ಕಾವಲು ಪಡೆಯೇ ಕಡಲನ್ನು ಕಾಯುತ್ತದೆ.

ಎಮ್ಮೆ ಕೊಳ್ಳುವವರು ಅದರ ಬೆಲೆಯನ್ನು ಮಾತ್ರ ಕೇಳುವುದಿಲ್ಲ; ಮೇವಿನ ಖರ್ಚನ್ನೂ ಲೆಕ್ಕ ಹಾಕುತ್ತಾರೆ. ಹಡಗೂ ಹಾಗೆಯೇ. ಎಣ್ಣೆ, ದುರಸ್ತಿ, ನಾವಿಕರ ಸಂಬಳ ಇವೆಲ್ಲ ವರ್ಷ ವರ್ಷವೂ ಬೇಕು. ದೊಡ್ಡ ಯುದ್ಧನೌಕೆಯನ್ನು ಕೊಂಡು, ಎಣ್ಣೆಗೆ ಹಣವಿಲ್ಲದೆ ಬಂದರಿನಲ್ಲಿ ಕಟ್ಟಿಹಾಕಿದರೆ ಏನು ಲಾಭ? ಆದ್ದರಿಂದ ಮೊದಲು ಕೆಲಸ ಏನೆಂದು ನೋಡಬೇಕು, ಬಳಿಕ ಅದಕ್ಕೆ ತಕ್ಕ ಹಡಗನ್ನು ಆರಿಸಬೇಕು.

ಮಾರಿಷಸ್ಸಿಗಾಗಿ ಕೋಲ್ಕತ್ತದ ಗಾರ್ಡನ್ ರೀಚ್ ಕಾರ್ಖಾನೆಯಲ್ಲಿ ‘ಬರಾಕುಡಾ’ ಎಂಬ ಹಡಗನ್ನು ಕಟ್ಟಲಾಯಿತು. ಅದರ ಉದ್ದ ಸುಮಾರು 74 ಮೀಟರ್. ವೇಗ ಗಂಟೆಗೆ ಸುಮಾರು 40 ಕಿ.ಮೀ. ಬೆಲೆ 5 ಕೋಟಿ 85 ಲಕ್ಷ ಡಾಲರ್. ಇದರ ಬಹುಭಾಗವನ್ನು ಭಾರತವೇ ಸಾಲವಾಗಿ ನೀಡಿತು. 2015ರ ಮಾರ್ಚ್ 12ರಂದು ಹಡಗು ಸೇವೆಗೆ ಸೇರಿತು. ಅದು ಗಸ್ತು ತಿರುಗಬಲ್ಲದು, ಅಪಾಯದಲ್ಲಿರುವವರನ್ನು ಹುಡುಕಬಲ್ಲದು, ದೂರದ ದ್ವೀಪಗಳಿಗೆ ಜನರನ್ನೂ ಸಾಮಾನನ್ನೂ ಒಯ್ಯಬಲ್ಲದು. ಒಂದೇ ಹಡಗಿನಿಂದ ಹಲವು ಕೆಲಸ!

ಆದರೆ ಸಣ್ಣ ಕೆಲಸಕ್ಕೂ ದೊಡ್ಡ ಹಡಗನ್ನೇ ಓಡಿಸಿದರೆ ಎಣ್ಣೆ ವ್ಯರ್ಥ. ಅದಕ್ಕಾಗಿ ಗೋವಾದ ಹಡಗು ಕಾರ್ಖಾನೆ ಕಟ್ಟಿದ ಎರಡು ಚಿಕ್ಕ, ವೇಗದ ಹಡಗುಗಳು 2016 ಮತ್ತು 2017ರಲ್ಲಿ ಬಂದವು. ಅವುಗಳ ಹೆಸರು ‘ವಿಕ್ಟರಿ’ ಮತ್ತು ‘ವ್ಯಾಲಿಯಂಟ್’.

2020ರ ಜುಲೈ 25ರಂದು ‘ವಕಾಶಿಯೊ’ ಎಂಬ ಭಾರಿ ಸರಕು ಹಡಗು ಮಾರಿಷಸ್ಸಿನ ಹವಳದ ದಿಬ್ಬಕ್ಕೆ ಬಡಿಯಿತು. ಕೆಲವು ದಿನಗಳ ಬಳಿಕ ಎಣ್ಣೆ ಸೋರಿ ನೀಲಿ ನೀರು ಕಪ್ಪಾಯಿತು. ಜನರು ಬಟ್ಟೆಯೊಳಗೆ ಕಬ್ಬಿನ ಸೋಗೆ ತುಂಬಿ, ಎಣ್ಣೆ ಹರಡದಂತೆ ತಡೆಗೋಡೆ ಮಾಡಿದರು. ಕಡಲು ಕಾಯಲು ತಕ್ಕ ಹಡಗು ಬೇಕು. ಅದರೊಂದಿಗೆ ಸದಾ ಎಚ್ಚರದ ಕಣ್ಣೂ, ಜನರ ಕೈಯೂ ಬೇಕು.

ಪದಗಳ ಅರ್ಥ
ಗಸ್ತು – ಕಾವಲು ತಿರುಗುವುದು
ದುರಸ್ತಿ – ಕೆಟ್ಟುದನ್ನು ಸರಿಪಡಿಸುವುದು
ಸೋಗೆ – ಕಬ್ಬಿನ ಎಲೆ

ಉತ್ತರಿಸಿರಿ
1. ಹಡಗಿನ ಬೆಲೆಯಲ್ಲದೆ ಬೇರೆ ಯಾವ ಖರ್ಚುಗಳಿವೆ?
2. ಮಾರಿಷಸ್ಸಿಗೆ ಚಿಕ್ಕ ಹಡಗುಗಳೂ ಏಕೆ ಬೇಕು?
3. ಗಂಟೆಗೆ 40 ಕಿ.ಮೀ. ವೇಗದಲ್ಲಿ 600 ಕಿ.ಮೀ. ಸಾಗಲು ಎಷ್ಟು ಗಂಟೆ ಬೇಕು?

ಮಾಡಿ ನೋಡಿರಿ
ಶಾಲೆಯ ಅಂಗಳದಲ್ಲಿ 74 ಮೀಟರ್ ಅಳೆದು, ಬರಾಕುಡಾ ಹಡಗಿನ ಉದ್ದವನ್ನು ಗುರುತಿಸಿರಿ.