ಹತ್ತು ಸೆಕೆಂಡು ಕಾಯಬಾರದೇ?

ಪ್ರಶ್ನೆ: ನನ್ನ ಮಗಳು ಟೋಕಿಯೊದಲ್ಲಿದ್ದಾಳೆ. ಭೂಕಂಪದ ಎಚ್ಚರಿಕೆ ಎಂದು ಮೊಬೈಲ್ ಕಿರುಚಿಕೊಳ್ಳುತ್ತದೆ, ಒಮ್ಮೊಮ್ಮೆ ಏನೂ ಆಗುವುದೇ ಇಲ್ಲ ಅನ್ನುತ್ತಾಳೆ. ಹತ್ತು ಸೆಕೆಂಡು ಕಾದು, ಖಾತ್ರಿ ಮಾಡಿಕೊಂಡು ಎಚ್ಚರಿಸಬಾರದೇ?

ಉತ್ತರ: ಎಷ್ಟೋ ಸಲ ಎಚ್ಚರಿಕೆಗೆ ಸಿಗುವ ಒಟ್ಟು ಸಮಯವೇ ಅಷ್ಟಿರುವುದಿಲ್ಲ. ಭೂಕಂಪವಾದಾಗ ಮೊದಲು ತಲುಪುವ ಅಲೆ ಸೆಕೆಂಡಿಗೆ ಆರೇಳು ಕಿ.ಮೀ. ವೇಗದ್ದು, ಅಷ್ಟಾಗಿ ಹಾನಿ ಮಾಡದು. ಗೋಡೆ ಕೆಡವುವ ಎರಡನೆಯ ಅಲೆಯ ವೇಗ ಅದರ ಅರ್ಧಕ್ಕಿಂತ ತುಸು ಹೆಚ್ಚು. ಮೊದಲನೆಯದನ್ನು ಹಿಡಿದು, ಎರಡನೆಯದು ಬರುವಷ್ಟರಲ್ಲಿ ಜನರನ್ನು ಎಚ್ಚರಿಸುವ ವ್ಯವಸ್ಥೆಯನ್ನು ಜಪಾನ್ ಹವಾಮಾನ ಸಂಸ್ಥೆ 2007ರಿಂದ ನಡೆಸುತ್ತಿದೆ. ಹತ್ತು ಸೆಕೆಂಡು ಕಾದರೆ ಆ ಎರಡನೆಯ ಅಲೆ ಸುಮಾರು 35 ಕಿ.ಮೀ. ದಾಟಿರುತ್ತದೆ. ಅಷ್ಟರೊಳಗಿನ ಊರುಗಳಿಗೆ ಆಮೇಲೆ ಏನು ಹೇಳಿ ಏನು ಪ್ರಯೋಜನ?

ಹಾಗಾಗಿ ಯಂತ್ರ ಅರೆಬರೆ ಮಾಹಿತಿಯಲ್ಲೇ ತೀರ್ಮಾನಿಸಬೇಕು. 2016ರ ಆಗಸ್ಟ್ 1ರ ಸಂಜೆ, ಟೋಕಿಯೊ ಕೊಲ್ಲಿಯಲ್ಲಿ 9.1 ಪ್ರಮಾಣದ ಭೂಕಂಪ ಎಂಬ ಸಂದೇಶ ರೈಲು ಕಂಪನಿಗಳಿಗೂ ಕೆಲವು ಆಪ್‌ಗಳಿಗೂ ಹೋಯಿತು. ಕೆಲವು ರೈಲುಗಳು ನಿಂತವು. ನೆಲ ಅಲುಗಿರಲೇ ಇಲ್ಲ. ಚಿಬಾ ಪ್ರಾಂತ್ಯದ ಒಂದೇ ಒಂದು ಮಾಪಕದಲ್ಲಿ, ಬಹುಶಃ ಸಿಡಿಲಿನಿಂದ, ಸುಳ್ಳು ಸಂಕೇತ ಮೂಡಿತ್ತು. ಟಿ.ವಿ.ಗೆ, ಎಲ್ಲರ ಮೊಬೈಲಿಗೆ ಮಾತ್ರ ಅದು ಹೋಗಲಿಲ್ಲ. ಸಾರ್ವಜನಿಕ ಎಚ್ಚರಿಕೆಗೆ ಕನಿಷ್ಠ ಎರಡು ಮಾಪಕಗಳ ಸಾಕ್ಷ್ಯ ಬೇಕೆಂಬ ನಿಯಮವಿದೆ. ನೀವು ಕೇಳುವ ಖಾತ್ರಿ ಅಷ್ಟರಮಟ್ಟಿಗೆ ಅಲ್ಲಿ ಇದ್ದೇ ಇದೆ.

ಮಾಪಕಗಳೆಲ್ಲ ನಿಜ ಹೇಳಿದರೂ ಲೆಕ್ಕ ತಪ್ಪಬಹುದು. 2018ರ ಜನವರಿ 5ರಂದು ಇಬರಾಕಿಯ ಕಡಲಲ್ಲಿ ಒಂದು, ದೂರದ ಟೊಯಾಮಾದಲ್ಲಿ ಇನ್ನೊಂದು ಸಣ್ಣ ಕಂಪನ ಹೆಚ್ಚುಕಡಿಮೆ ಒಟ್ಟಿಗೇ ಆದವು. ಯಂತ್ರ ಎರಡನ್ನೂ ಒಂದೇ ಎಂದುಕೊಂಡಿತು. ಅಷ್ಟು ದೂರದವರೆಗೂ ನಡುಗಿಸಿದ್ದರೆ ಅದು ಭಾರಿ ಭೂಕಂಪವೇ ಇರಬೇಕಲ್ಲ! ಟೋಕಿಯೊದ ಮೊಬೈಲ್‌ಗಳು ಮೊಳಗಿದವು.

ನನ್ನನ್ನು ಹೆಚ್ಚು ಕಾಡುವುದು ಇದಕ್ಕೆ ತದ್ವಿರುದ್ಧವಾದ ತಪ್ಪು. 2011ರ ಮಾರ್ಚ್ 11ರ 9.0 ಪ್ರಮಾಣದ ಭೂಕಂಪವನ್ನು ಯಂತ್ರ ಮೊದಲಿಗೆ ತೀರಾ ಚಿಕ್ಕದೆಂದು ಅಳೆಯಿತು. ಈಶಾನ್ಯದ ಜನರಿಗೆ ಎಚ್ಚರಿಕೆ ಸಿಕ್ಕಿತು. ಜೋರಾಗಿ ನಡುಗಿದ ಟೋಕಿಯೊಗೆ ಸಾರ್ವಜನಿಕ ಎಚ್ಚರಿಕೆ ಹೋಗಲಿಲ್ಲ. ಇನ್ನಷ್ಟು ಖಾತ್ರಿ ಬೇಕೆಂದು ಯಂತ್ರದ ಕೈಕಟ್ಟಿದರೆ ಇಂಥ ಮೌನ ಹೆಚ್ಚುತ್ತದೆ. ಅದಕ್ಕಿಂತ ನಾಲ್ಕು ಸಲ ಸುಮ್ಮನೆ ಮೇಜಿನ ಕೆಳಗೆ ಕೂತು ಎದ್ದರೂ ನಷ್ಟವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಗಳಿಗೆ ಹೇಳಿ: ಮೊಬೈಲ್ ಕೂಗಿದರೆ ಪರದೆ ಓದುತ್ತ ನಿಲ್ಲದೆ ಮೊದಲು ತಲೆ ಕಾಪಾಡಿಕೊಳ್ಳಲಿ. ಎಚ್ಚರಿಕೆ ಹುಸಿಯಾಗಿದ್ದರೆ ಯಾಕೆ ಹಾಗಾಯಿತೆಂದು ಹವಾಮಾನ ಸಂಸ್ಥೆ ಪ್ರಕಟಿಸುತ್ತದೆ, ಆಮೇಲೆ ನಿಧಾನವಾಗಿ ಓದಿಕೊಳ್ಳಬಹುದು.